ಆರೋಗ್ಯ ಪ್ರಶ್ನೋತ್ತರ: ಗುಜರಾತಿನ ಬೇಸಿಗೆಗೆ ಮುಂಚೆ ಎಸಿ ತೊಳೆಯಿರಿ

ಹೋಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ಎಸಿ ಮೆಕ್ಯಾನಿಕ್‌ಗಳು ಕೈಗೆ ಸಿಗುವುದು ಕಷ್ಟ. ಈ ಮೂರು ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ವೈದ್ಯರ ಮುಂದಿಡುವ ಮೂರು ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ (ಮಣಿನಗರ, ಅಹಮದಾಬಾದ್): ದೀಪಾವಳಿಯ ನಂತರ ಮುಟ್ಟದೇ ಇದ್ದ ಎಸಿಯನ್ನು ಮೊನ್ನೆ ಹಾಕಿದೆವು. ಗಪ್ಪೆಂದು ಮುಗ್ಗಲು ವಾಸನೆ ಬಂತು. ದಮ್ಮಿನ ತೊಂದರೆಯಿರುವ ಅಮ್ಮನಿಗೆ ಸ್ವಲ್ಪ ಹೊತ್ತಿನಲ್ಲೇ ಕೆಮ್ಮು ಶುರುವಾಯಿತು. ಅವರಿಗೆ ಎಸಿಯೇ ಆಗಿಬರುವುದಿಲ್ಲವೇ?

ಉತ್ತರ: ಆ ವಾಸನೆಯೇ ಅರ್ಧ ಉತ್ತರ. ಎಸಿಯ ಒಳಗಿನ ಕಾಯಿಲ್ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ನೀರಾಗಿ ಇಳಿದು, ಕೆಳಗಿನ ತಟ್ಟೆಗೆ ಬಿದ್ದು, ಪೈಪಿನಲ್ಲಿ ಹೊರಗೆ ಹೋಗುತ್ತದೆ. ಸೀಸನ್ ಮುಗಿದಾಗ ಆ ತಟ್ಟೆಯಲ್ಲಿ ಉಳಿದ ತೇವ, ಕಾಯಿಲ್‌ಗೆ ಅಂಟಿದ ದೂಳು ಎರಡೂ ಸೇರಿದರೆ ಬೂಷ್ಟು ಬೆಳೆಯಲು ಬೇರೇನೂ ಬೇಡ. ತಿಂಗಳುಗಟ್ಟಲೆ ಮುಚ್ಚಿದ್ದ ಎಸಿಯ ಮೊದಲ ಗಾಳಿಯಲ್ಲಿ ಆ ಬೂಷ್ಟಿನ ಕಣಗಳು ಕೋಣೆ ತುಂಬುತ್ತವೆ. ಅಸ್ತಮಾ ಇರುವವರ ಶ್ವಾಸನಾಳ ಅದಕ್ಕೆ ತಕ್ಷಣ ಬಿಗಿದುಕೊಳ್ಳುತ್ತದೆ. ಮುಖಕ್ಕೆ ನೇರವಾಗಿ ಬಡಿಯುವ ತಣ್ಣನೆಯ ಗಾಳಿಯೂ ಕೆಮ್ಮು ತರಿಸಬಲ್ಲದು. ಎರಡನ್ನೂ ತಪ್ಪಿಸಿದರೆ ಹೆಚ್ಚಿನ ಅಸ್ತಮಾ ರೋಗಿಗಳಿಗೆ ಎಸಿಯಿಂದ ತೊಂದರೆಯಾಗುವುದಿಲ್ಲ. ಅಹಮದಾಬಾದಿನ ಮೇ ತಿಂಗಳಲ್ಲಂತೂ ಅದು ಅವರಿಗೆ ಬೇಕೇ ಬೇಕು.

ಎಸಿ ತೊಳೆಯಲು ಮೊದಲು ಎಂಸಿಬಿ ಆಫ್ ಆಗಬೇಕು. ಮುಂದಿನ ಮುಚ್ಚಳ ಎತ್ತಿ ಜಾಲರಿ ಫಿಲ್ಟರನ್ನು ಬೆಳಕಿಗೆ ಹಿಡಿದರೆ ಸ್ಥಿತಿ ಗೊತ್ತಾಗುತ್ತದೆ: ಕಣ್ಣುಗಳು ಮುಚ್ಚಿ ಬೂದು ಬಣ್ಣದ ಕಂಬಳಿಯ ತುಂಡಿನ ಹಾಗೆ ಕಾಣುತ್ತದೆ. ನಲ್ಲಿಯ ನೀರನ್ನು ಹಿಂಬದಿಯಿಂದ ಬಿಟ್ಟರೆ ದೂಳು ಮುಂದಕ್ಕೆ ಕಳಚಿ ಬೀಳುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು, ಒದ್ದೆ ಫಿಲ್ಟರ್ ಹಾಕಿದರೆ ಮತ್ತದೇ ಬೂಷ್ಟು. ಕಾಯಿಲ್, ನೀರಿನ ತಟ್ಟೆ, ಡ್ರೈನ್ ಪೈಪುಗಳನ್ನು ಮೆಕ್ಯಾನಿಕ್‌ನಿಂದಲೇ ತೊಳೆಸುವುದು ಸರಿ. ಆತ ಪ್ರತಿ ವರ್ಷವೂ ಗ್ಯಾಸ್ ತುಂಬಿಸಬೇಕೆಂದರೆ ಕಾರಣ ಕೇಳಬೇಕು. ಗ್ಯಾಸ್ ಖರ್ಚಾಗಿ ಹೋಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಈಗ ಬಹಳಷ್ಟು ಎಸಿಗಳಲ್ಲಿರುವ ಆರ್-32 ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಸೋರಿಕೆ ಮುಚ್ಚದೆ ತುಂಬಿಸುವುದು ಸಲ್ಲದು.

ಅಹಮದಾಬಾದಿನವರು ಟೆರೇಸಿನ ಹೊರ ಯೂನಿಟ್ಟನ್ನೂ ನೋಡಬೇಕು. ಜನವರಿ 14ರ ಉತ್ತರಾಯಣದಲ್ಲಿ ಹಾರಿಸಿದ ಗಾಳಿಪಟಗಳ ಮಾಂಜಾ ದಾರ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿರಬಹುದು. ಅದನ್ನು ಬರಿಗೈಯಲ್ಲಿ ಎಳೆಯಬಾರದು, ಬೆರಳು ಕೊಯ್ಯುತ್ತದೆ. ಪಾರಿವಾಳದ ಒಣಗಿದ ಹಿಕ್ಕೆ ಅದಕ್ಕಿಂತ ಅಪಾಯ. ಅದರ ದೂಳು ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ತಂದು, ಕಾಲಕ್ರಮದಲ್ಲಿ ಕಲೆಗಟ್ಟಿಸುತ್ತದೆ. ಗುಡಿಸುವ ಮುಂಚೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಬೇಕು. ಅಮ್ಮ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ತೊಳೆದ ಮೇಲೂ ಕಿಟಕಿ ತೆರೆದು ಅರ್ಧ ಗಂಟೆ ಫ್ಯಾನ್ ಮೋಡ್‌ನಲ್ಲಿ ಓಡಿಸಿ, ಆಮೇಲೆ ಅವರನ್ನು ಕರೆಯಬಹುದು.

ಪ್ರಶ್ನೆ (ಸೂರತ್): ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಇಲ್ಲಿನ ಸೆಕೆ ಒಣ ಸೆಕೆಯಲ್ಲ, ಮೈಯೆಲ್ಲ ಅಂಟಂಟು. ಎಸಿಯನ್ನು ಎಷ್ಟಕ್ಕೆ ಇಡಬೇಕು?

ಉತ್ತರ: ಸಮುದ್ರ ಹತ್ತಿರವಿರುವುದರಿಂದ ಸೂರತ್ತಿನ ಉಷ್ಣಾಂಶ ಅಹಮದಾಬಾದಿನಷ್ಟು ಏರದಿದ್ದರೂ ಬೆವರು ಆರುವುದಿಲ್ಲ. ಬೆವರು ಆರಿದರೆ ಮಾತ್ರ ದೇಹ ತಣಿಯುವುದು. 24ರಿಂದ 26 ಡಿಗ್ರಿ, ಜೊತೆಗೆ ನಿಧಾನಕ್ಕೆ ತಿರುಗುವ ಸೀಲಿಂಗ್ ಫ್ಯಾನ್ ಕೂಸಿಗೆ ಸಾಕು. ಹೊಸ ಎಸಿಗಳು 24 ಡಿಗ್ರಿಗೇ ಹೊಂದಿಸಿಕೊಂಡು ಬರಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಮಳೆಗಾಲದ ಹೊಸ್ತಿಲಿನಲ್ಲಿ, ಉಷ್ಣಾಂಶಕ್ಕಿಂತ ತೇವವೇ ಕಾಡುವಾಗ, ಡ್ರೈ ಮೋಡ್ ಒಳ್ಳೆಯದು. ಗಾಳಿಯ ಧಾರೆ ತೊಟ್ಟಿಲ ಮೇಲೆ ಬೀಳದಿರಲಿ. ಕೂಸಿನ ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಬೇಕು. ಅಂಗೈ ತಣ್ಣಗಿದೆ ಎಂದು ಹೊದಿಕೆ ಹೇರುವುದು ಬೇಡ.

ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಒಬ್ಬರಿಗೆ ಶೀತವಾದರೆ ಮನೆಮಂದಿಗೆಲ್ಲ ಹರಡಲು ಇದೂ ಒಂದು ಕಾರಣ. ಬೆಳಗಿನ ಹೊತ್ತು ಕಿಟಕಿ ತೆರೆದಿಡಬೇಕು. ಪವರ್‌ಲೂಮ್‌ಗಳ ಹತ್ತಿರ ಮನೆಯಿದ್ದರೆ ನೂಲಿನ ದೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ತೊಳೆಯುವುದು ವಾಸಿ.

ಪ್ರಶ್ನೆ (ವಡೋದರ): ನಮ್ಮದು ಕೊನೆಯ ಮಹಡಿ. ಎಸಿ ಇರುವುದು ಒಂದು ಕೋಣೆಗೆ ಮಾತ್ರ. ಎಪ್ಪತ್ತೆಂಟರ ಮಾವ ಹಾಲಿನಲ್ಲಿ ಕೂಲರ್ ಮುಂದೆ ಮಲಗುತ್ತಾರೆ, ಎಸಿ ಬೇಡವೆನ್ನುತ್ತಾರೆ. ಒತ್ತಾಯ ಮಾಡಬೇಕೇ?

ಉತ್ತರ: ಕಡು ಬಿಸಿಲಿನ ದಿನಗಳಲ್ಲಿ ಖಂಡಿತ ಮಾಡಬೇಕು. 2010ರ ಮೇ 21ರಂದು ಅಹಮದಾಬಾದಿನಲ್ಲಿ 46.8 ಡಿಗ್ರಿ ಉಷ್ಣಾಂಶ ದಾಖಲಾಯಿತು. ಆ ಒಂದೇ ತಿಂಗಳಿನಲ್ಲಿ ಅಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವೆಂದು ನಂತರದ ಅಧ್ಯಯನ ಲೆಕ್ಕಹಾಕಿತು. ಅದರಿಂದ ಎಚ್ಚೆತ್ತ ಅಲ್ಲಿನ ನಗರಪಾಲಿಕೆ ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ಜೊತೆ ಸೇರಿ 2013ರಲ್ಲಿ ರೂಪಿಸಿದ ಬಿಸಿಗಾಳಿ ಕಾರ್ಯಯೋಜನೆ ದಕ್ಷಿಣ ಏಷ್ಯಾಕ್ಕೇ ಮೊದಲನೆಯದು. ಅದೇ ನಗರದ ಶಾರದಾಬೆನ್ ಆಸ್ಪತ್ರೆಯ ಅನುಭವ ಕೊನೆಯ ಮಹಡಿಯವರಿಗೆ ನೇರವಾಗಿ ಅನ್ವಯಿಸುತ್ತದೆ. ಬಿಸಿಲಿಗೆ ಕಾದ ಮೇಲಿನ ಮಹಡಿಯಲ್ಲಿದ್ದ ಹೆರಿಗೆ ವಾರ್ಡನ್ನು ಕೆಳಗಿನ ಮಹಡಿಗೆ ತಂದ ಮೇಲೆ ಶಾಖದಿಂದ ಬಳಲಿ ದಾಖಲಾಗುವ ನವಜಾತ ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು.

ಕೂಲರನ್ನು ತೆಗೆದುಹಾಕಬೇಕಿಲ್ಲ, ಆದರೆ ಅದಕ್ಕೂ ಆರೈಕೆ ಬೇಕು. ಶ್ವಾಸಕೋಶದಲ್ಲಿ ಉರಿಯೂತ ಇಲ್ಲವೇ ಕಲೆಗಟ್ಟುವ ಕಾಯಿಲೆಯಿದ್ದ, ದೇಶದ 19 ನಗರಗಳ 1,084 ರೋಗಿಗಳ ದಾಖಲೆ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದ್ದದ್ದು ಅಲರ್ಜಿಯ ಉರಿಯೂತ, ಅಂಥವರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ ಏರ್ ಕೂಲರ್ ಗಾಳಿಗೆ ಒಡ್ಡಿಕೊಂಡವರು. ಹಳೆಯ ಪ್ಯಾಡ್ ಬದಲಾಯಿಸಿ, ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜಿ ಒಣಗಿಸಬೇಕು. ಡೆಂಗಿ ಸೊಳ್ಳೆಯೂ ಅದೇ ನೀರಿನಲ್ಲಿ ಮೊಟ್ಟೆಯಿಡುತ್ತದೆ.

ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಮಧ್ಯಾಹ್ನದ ನಾಲ್ಕೈದು ಗಂಟೆಯಾದರೂ ಮಾವನವರು ಎಸಿ ಕೋಣೆಯಲ್ಲಿರಲಿ. ನೀರು, ಮಜ್ಜಿಗೆ ಬಾಯಾರಿಕೆಗೆ ಕಾಯದೆ ಕೊಡಬೇಕು, ಹೃದಯ ಅಥವಾ ಕಿಡ್ನಿಯ ತೊಂದರೆಯಿದ್ದರೆ ಎಷ್ಟು ಎಂದು ಅವರ ವೈದ್ಯರನ್ನು ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರ ಡೋಸನ್ನು ಬೇಸಿಗೆಗೆ ಮುನ್ನ ಒಮ್ಮೆ ಪರಿಶೀಲಿಸಬೇಕು. ತಾವಾಗಿ ನಿಲ್ಲಿಸಬಾರದು.

ಕರೆಂಟ್ ಹೋದ ಮಧ್ಯಾಹ್ನ ಅವರ ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಗೊಂದಲ ಕಂಡರೆ, ಅದು ಬಿಸಿಲಾಘಾತ. ಜ್ವರದ ಮಾತ್ರೆ ಕೆಲಸ ಮಾಡದು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಪೂರ್ತಿ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.