ಅಚ್ಚಾಗದ ಅಕ್ಷರ: ಲಿನಕ್ಸ್ ಗಣಕದಲ್ಲಿ ಸರಳ ಪಠ್ಯದ ಮುದ್ರಣ

ಪ್ರಾರ್ಥನೆಗಾಗಿ ಬೆರಳಚ್ಚು ಮಾಡಿಟ್ಟ ವಚನಗಳು, ಪ್ರಶ್ನಪತ್ರಿಕೆಗಳು, ದಾಸೋಹಕ್ಕೆ ಕಾಣಿಕೆಯಿತ್ತ ದಾನಿಗಳ ಪಟ್ಟಿ ಇವೆಲ್ಲ ಇಂದು ಶಾಲೆಗಳ ಗಣಕಯಂತ್ರಗಳಲ್ಲಿ ಕಡತಗಳಾಗಿ ಕುಳಿತಿವೆ. ಅಂಥದೊಂದು ಕಡತವನ್ನು ಮುದ್ರಣಕ್ಕೆ ಕಳುಹಿಸಿದಾಗ ಕಾಗದವೇ ಹೊರಬರದಿದ್ದರೆ, ಅಥವಾ ಬಂದ ಕಾಗದದ ಮೇಲೆ ಕನ್ನಡಕ್ಕೆ ಬದಲಾಗಿ ಅರ್ಥವಿಲ್ಲದ ಗುರುತುಗಳಿದ್ದರೆ, ಕಡತ ಕೆಟ್ಟಿತೆಂದು ನಿರ್ಧರಿಸಿ ಅದನ್ನು ಅಳಿಸಿಬಿಡುವುದುಂಟು. ಇದು ದೊಡ್ಡ ತಪ್ಪು. ಬಹುಪಾಲು ಸಂದರ್ಭಗಳಲ್ಲಿ ಕಡತಕ್ಕೆ ಏನೂ ಆಗಿರುವುದಿಲ್ಲ. ದೋಷವಿರುವುದು ಕಡತಕ್ಕೂ ಕಾಗದಕ್ಕೂ ನಡುವಣ ದಾರಿಯಲ್ಲಿ. ಆ ದಾರಿಯನ್ನು ಅರಿತವರು ಅಳಿಸುವ ಕೆಲಸಕ್ಕೆ ಕೈಹಾಕಲಾರರು.

ಲಿನಕ್ಸ್ ಗಣಕಗಳಲ್ಲಿ ಮುದ್ರಣದ ಹೊಣೆಯನ್ನು ಸಾಮಾನ್ಯವಾಗಿ ಹೊತ್ತಿರುವುದು 1999ರಲ್ಲಿ ಮೊದಲು ಹೊರಬಂದ ಕಪ್ಸ್ ಎಂಬ ವ್ಯವಸ್ಥೆ. ಕಳುಹಿಸಿದ ಕೆಲಸಗಳನ್ನು ಅದು ಒಂದು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರಿಗೆ ಒಪ್ಪಿಸುತ್ತದೆ. ನಡುವೆ ವಿದ್ಯುತ್ ಹೋದರೆ, ತಂತಿ ಸಡಿಲವಾದರೆ, ಕಪ್ಸ್ ಆ ಪ್ರಿಂಟರನ್ನು ತಡೆದು ನಿಲ್ಲಿಸಿಬಿಡಬಹುದು. ವಿದ್ಯುತ್ ಮರಳಿ ಬಂದರೂ ಸರದಿ ತಾನಾಗಿ ಕದಲದು. ಈ ಸ್ಥಿತಿಯನ್ನು ತಿಳಿಯಲು ಎಲ್‌ಪಿಸ್ಟ್ಯಾಟ್ ಎಂಬ ಆಜ್ಞೆಯೂ ಮತ್ತೆ ಚಾಲನೆ ಕೊಡಲು ಕಪ್ಸ್‌ಎನೇಬಲ್ ಎಂಬ ಆಜ್ಞೆಯೂ ಇವೆ. ಇದನ್ನರಿಯದೆ ಮುದ್ರಣದ ಗುಂಡಿಯನ್ನು ಹತ್ತು ಬಾರಿ ಒತ್ತಿದವರು, ಸರದಿ ಬಿಚ್ಚಿಕೊಂಡ ಕ್ಷಣದಲ್ಲಿ ಒಂದೇ ಪ್ರಶ್ನಪತ್ರಿಕೆಯ ಹತ್ತು ಪ್ರತಿಗಳನ್ನು ಪಡೆಯುತ್ತಾರೆ. ಕಾಗದದ ಬೆಲೆ ಬಲ್ಲ ಸಂಸ್ಥೆಗಳಿಗೆ ಇದು ಸಣ್ಣ ಮಾತಲ್ಲ.

ಸರದಿ ಸರಿಯಿದ್ದು, ಪಿಡಿಎಫ್ ಕಡತಗಳು ಸರಾಗವಾಗಿ ಅಚ್ಚಾಗುತ್ತಿದ್ದು, ಸರಳ ಪಠ್ಯ ಮಾತ್ರ ಅಚ್ಚಾಗದಿದ್ದರೆ ಪ್ರಿಂಟರನ್ನು ದೂಷಿಸುವುದನ್ನು ಅಲ್ಲಿಗೇ ಬಿಡಬೇಕು. ಬೆಂಗಳೂರಿನಿಂದ ಬಂದ ವಾಹನ ನೆಲಮಂಗಲದಲ್ಲಿ ತುಮಕೂರಿನ ಹಾದಿಯನ್ನೋ ಕುಣಿಗಲ್-ಹಾಸನದ ಹಾದಿಯನ್ನೋ ಹಿಡಿಯಲೇಬೇಕಾಗುವಂತೆ, ಕಪ್ಸ್‌ಗೆ ಬಂದ ಕಡತವೂ ತನ್ನ ಜಾತಿಗೆ ತಕ್ಕ ಹಾದಿಯನ್ನು ಹಿಡಿಯುತ್ತದೆ. ಕಡತದ ಹೆಸರಿನ ಕೊನೆಯನ್ನೂ ಅದರ ಮೊದಲ ಭಾಗವನ್ನೂ ನೋಡಿ ಕಪ್ಸ್ ಈ ತೀರ್ಮಾನಕ್ಕೆ ಬರುತ್ತದೆ. ಪಿಡಿಎಫ್ ಕಡತವು ಅಕ್ಷರಗಳ ಆಕಾರವನ್ನು ಸಾಮಾನ್ಯವಾಗಿ ತನ್ನೊಳಗೇ ಹೊತ್ತು ತರುತ್ತದೆ. ಸರಳ ಪಠ್ಯದಲ್ಲಿರುವುದಾದರೋ ಬರಿಯ ಸಂಖ್ಯೆಗಳು; ಆ ಸಂಖ್ಯೆ ಯಾವ ಅಕ್ಷರ, ಆ ಅಕ್ಷರದ ರೂಪವೇನು ಎಂಬುದನ್ನು ದಾರಿಯಲ್ಲಿ ಬೇರೊಬ್ಬರು ಹೇಳಬೇಕು. ಹೆಸರಿಗೆ ಸರಳವಾದ ಈ ಪಠ್ಯವೇ ಕನ್ನಡಿಗರ ಪಾಲಿಗೆ ಜಟಿಲವಾಗಿ ಪರಿಣಮಿಸಲು ಇದೇ ಕಾರಣ.

ಯೂನಿಕೋಡ್ ಪದ್ಧತಿಯಲ್ಲಿ 'ಅಕ್ಕ' ಎಂಬ ಪದವನ್ನು ಅ, ಕ, ವಿರಾಮ ಚಿಹ್ನೆ, ಕ ಎಂಬ ನಾಲ್ಕು ಸಂಕೇತಗಳಾಗಿ ಇಡಲಾಗುತ್ತದೆ. ಎರಡನೆಯ ಕಕಾರವನ್ನು ಒತ್ತಾಗಿಸಿ ಕೆಳಗಿಡಬೇಕೆಂಬುದು ಕಡತದಲ್ಲಿ ಬರೆದಿರುವುದಿಲ್ಲ. ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ ವಚನಗಳನ್ನು ಅಚ್ಚಿಗೆ ತರುತ್ತಿದ್ದ ಕಾಲದಲ್ಲಿ ಈ ಕೆಲಸ ಮೊಳೆ ಜೋಡಿಸುವವನ ಕೈಯಲ್ಲಿತ್ತು. ಯಾವ ಒತ್ತನ್ನು ಎಲ್ಲಿ ಕೂರಿಸಬೇಕೆಂಬುದನ್ನು ಅವನ ಬೆರಳು ಬಲ್ಲದು. ಕಪ್ಸ್‌ನೊಡನೆ ಬರುವ ಸಾಮಾನ್ಯ ಪಠ್ಯಶೋಧಕ ಆ ವಿದ್ಯೆಯನ್ನು ಕಲಿತಿಲ್ಲ. ಅದು ಒಂದು ಸಂಕೇತಕ್ಕೆ ಒಂದು ಆಕಾರದಂತೆ, ಇಂಗ್ಲಿಷಿನ ರೀತಿಯಲ್ಲಿ, ಸಾಲಾಗಿ ಇಡುತ್ತ ಹೋಗುತ್ತದೆ. ಆಗ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡ ಫಾಂಟ್ ದೊರೆಯದಿದ್ದರೆ ಬರಿಯ ಚೌಕಗಳು ಇಲ್ಲವೆ ಖಾಲಿ ಜಾಗ ಉಳಿಯುತ್ತದೆ.

ಇದಕ್ಕೆ ಪರಿಹಾರ ಕಠಿಣವಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟುಗಳಲ್ಲೊಂದನ್ನು ಗಣಕದಲ್ಲಿ ಸ್ಥಾಪಿಸಿ, ಕಡತವನ್ನು ಲಿಬ್ರೆಆಫೀಸಿನಲ್ಲಿ ತೆರೆದು ಅಲ್ಲಿಂದ ಮುದ್ರಿಸಬಹುದು. ಆಜ್ಞೆಯ ಮೂಲಕವೇ ಮುದ್ರಿಸುವವರಿಗೆ ಪ್ಯಾಪ್ಸ್ ಎಂಬ ಪುಟ್ಟ ಸಾಧನವಿದೆ. ಅದು ಅಕ್ಷರ ಜೋಡಣೆಯನ್ನು ಬಲ್ಲ ಪ್ಯಾಂಗೊ ಎಂಬ ತಂತ್ರಾಂಶದ ನೆರವಿನಿಂದ ಪುಟವನ್ನು ಮುದ್ರಣಕ್ಕೆ ಸಿದ್ಧಗೊಳಿಸುತ್ತದೆ.

ಇನ್ನೊಂದು ತೊಡಕು ವಿಚಿತ್ರವಾದುದು. ವಿಂಡೋಸಿನ ನೋಟ್‌ಪ್ಯಾಡ್ ಹಿಂದೆ 'ಯೂನಿಕೋಡ್' ಎಂದು ಕರೆದು ಉಳಿಸುತ್ತಿದ್ದ ಕಡತಗಳು ಯುಟಿಎಫ್-16 ಎಂಬ ಪದ್ಧತಿಯವು. ಅದರಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಎರಡು ಬೈಟ್‌ಗಳ ಜೋಡಿ. ಆ ಎರಡರಲ್ಲಿ ಒಂದು ತಪ್ಪದೆ 12 ಎಂಬ ಸಂಖ್ಯೆ. ಹಳೆಯ ಪ್ರಿಂಟರ್ ಭಾಷೆಯಲ್ಲಿ 12 ಎಂದರೆ 'ಈ ಹಾಳೆಯನ್ನು ಹೊರದೂಡು' ಎಂದು ಅರ್ಥ! ಅಂಥ ಕಡತ ಪರಿವರ್ತನೆಯಾಗದೆ ನೇರವಾಗಿ ಪ್ರಿಂಟರನ್ನು ತಲುಪಿದರೆ ಅಕ್ಷರಕ್ಕೊಂದರಂತೆ ಹಾಳೆಗಳು ಉದುರಬಹುದು. ಫೈಲ್ ಎಂಬ ಆಜ್ಞೆ ಕಡತದ ಪದ್ಧತಿಯನ್ನು ತಿಳಿಸುತ್ತದೆ. ಐಕಾನ್ವ್ ಎಂಬುದು ಅದನ್ನು ಲಿನಕ್ಸಿಗೆ ಒಗ್ಗುವ ಯುಟಿಎಫ್-8ಕ್ಕೆ ತಿರುಗಿಸುತ್ತದೆ.

ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತ ಹೋದರೆ ಸಾಲಿನ ಕೊನೆಯ ಗುರುತು ಪ್ರಿಂಟರಿಗೆ ಹೊಂದಿಲ್ಲವೆಂದು ತಿಳಿಯಬೇಕು. ಕೊನೆಯ ಪುಟವೊಂದೇ ಒಳಗೆ ಉಳಿದು ದೀಪ ಮಿನುಗುತ್ತಿದ್ದರೆ, ಅದೇ 12ರ ಆಜ್ಞೆ ಅಲ್ಲಿ ಬೇಕಾಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳ ವಿಷಯದಲ್ಲಿ. ಅವುಗಳೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್ ಮಾತ್ರ. ಸರಳ ಪಠ್ಯವಾಗಿ ಉಳಿಸಿದೊಡನೆ ಫಾಂಟಿನ ಹೆಸರು ಕಳಚಿಹೋಗಿ, ದಾನಿಗಳ ಪಟ್ಟಿ ಕಸದಂತೆ ಕಾಣುತ್ತದೆ. ಅದು ಕಸವಲ್ಲ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತರಬಹುದು. ಮೂಲ ಕಡತವನ್ನು ಹಾಗೆಯೇ ಇರಿಸಿಕೊಂಡು, ಪರಿವರ್ತಿತ ಪ್ರತಿಯನ್ನು ಹಳೆಯ ಮುದ್ರಿತ ಹಾಳೆಯೊಡನೆ ಇಬ್ಬರು ಕುಳಿತು ಓದಿ ನೋಡತಕ್ಕದ್ದು. ವಿಶೇಷವಾಗಿ ಅರ್ಕಾವತ್ತಿನ ಮೇಲೆ ಕಣ್ಣಿರಬೇಕು: ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವಾಗಿ ಮೊದಲು ಬರುತ್ತದೆ, 'ಧರ್ಮ' ಪದವೂ ದಾನಿಗಳ ಹೆಸರುಗಳೂ ತಪ್ಪುವುದು ಹೆಚ್ಚಾಗಿ ಈ ಸ್ಥಳದಲ್ಲಿಯೇ.