ಪಾಠ 17: ಹೊಸ ಬ್ಯಾಟರಿ ಕೊಳ್ಳುವ ಮೊದಲು

ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಅಲ್ಲಿ ಸೇವಂತಿಗೆ ಬೆಳೆಯುವ ಹೆಂಗಸೊಬ್ಬಳಿದ್ದಾಳೆ. ಊರಿನವರು ಅವಳನ್ನು ಹೂವಿನಕ್ಕ ಎಂದೇ ಕರೆಯುತ್ತಾರೆ. ಹೂವಿನಕ್ಕ ರಾತ್ರಿ ಶಾಲೆಯಲ್ಲಿ ಓದು ಕಲಿತಳು. ಆಮೇಲೆ ಕಾರು ಓಡಿಸುವುದನ್ನೂ ಕಲಿತಳು. ಲೈಸೆನ್ಸ್ ಮಾಡಿಸಿದಳು.

ಅವಳ ಹತ್ತಿರ ಹಳೆಯ ಮಾರುತಿ 800 ಕಾರು ಇದೆ. ಈ ಕಾರುಗಳು 1983ರಿಂದ 2014ರವರೆಗೆ ತಯಾರಾದವು. ಈಗ ಹೊಸದು ಬರುವುದಿಲ್ಲ. ಹಳೆಯವು ಇನ್ನೂ ಓಡುತ್ತಿವೆ.

ಒಂದು ದಿನ ಬೆಳಗಿನ ಜಾವ. ಇನ್ನೂ ಕತ್ತಲು. ಹೂವಿನ ಮೂಟೆಗಳು ಕಾರಿನಲ್ಲಿದ್ದವು. ಹೂವಿನಕ್ಕ ಕೀಲಿ ತಿರುಗಿಸಿದಳು. ‘ಟಕ್ ಟಕ್’ ಎಂದಿತು. ಕಾರು ಸ್ಟಾರ್ಟ್ ಆಗಲಿಲ್ಲ.

ಬಿಸಿಲೇರಿದರೆ ಹೂವು ಬಾಡುತ್ತದೆ. ಬೆಲೆ ಇಳಿಯುತ್ತದೆ. ಹೂವಿನಕ್ಕ ಪಕ್ಕದ ಮನೆಯ ಆಟೋದಲ್ಲಿ ಹೂವು ಕಳಿಸಿದಳು. ತಲೆ ಮೇಲೆ ಕೈ ಹೊತ್ತು ಕುಳಿತಳು.

ಆರು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಆಗ ಗ್ಯಾರೇಜಿನವನು ಏನನ್ನೂ ಪರೀಕ್ಷೆ ಮಾಡಲಿಲ್ಲ. “ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ” ಅಂದಿದ್ದ. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ್ದಳು. ಅದೂ ಈಗ ಸತ್ತಿತೆ?

ಅವಳ ತಮ್ಮನ ಮಗಳು ಐಟಿಐಯಲ್ಲಿ ಮೋಟಾರು ಕೆಲಸ ಕಲಿತಿದ್ದಾಳೆ. ಅವಳು ಬಂದಳು.

“ಅತ್ತೆ, ಇನ್ನೊಂದು ಬ್ಯಾಟರಿ ತರೋದು ಬೇಡ. ಮೊದಲು ಕಾರಣ ಹುಡುಕೋಣ” ಅಂದಳು.

“ನನಗೇನು ಗೊತ್ತಾಗುತ್ತಮ್ಮ?”

“ನಿಮಗೆ ನೀರಿನ ತೊಟ್ಟಿ ಗೊತ್ತಲ್ವಾ ಅತ್ತೆ? ಬ್ಯಾಟರಿ ತೊಟ್ಟಿ ಇದ್ದ ಹಾಗೆ. ನೀರಿನ ಬದಲು ಕರೆಂಟು ತುಂಬಿಡುತ್ತೆ. ತುಂಬಿಸೋ ಪಂಪು ಬೇರೆ. ಅದು ಆಲ್ಟರ್ನೇಟರ್. ಗ್ಯಾರೇಜಲ್ಲಿ ಡೈನಮೋ ಅಂತಲೂ ಅಂತಾರೆ. ಇಂಜಿನ್ ಓಡುವಾಗ ಒಂದು ಬೆಲ್ಟು ಅದನ್ನ ತಿರುಗಿಸುತ್ತೆ. ತೊಟ್ಟಿ ಖಾಲಿ ಆದ್ರೆ ತೊಟ್ಟಿನೇ ಒಡೆದಿರಬೇಕು ಅಂತಿಲ್ಲ. ಪಂಪು ಕೆಟ್ಟಿರಬಹುದು. ಪೈಪು ಸಡಿಲ ಆಗಿರಬಹುದು. ಎಲ್ಲೋ ನಲ್ಲಿ ತೆರೆದೇ ಇರಬಹುದು.”

ಹೂವಿನಕ್ಕನಿಗೆ ಅರ್ಥವಾಯಿತು. ಇಬ್ಬರೂ ಕೂಡಿ ಒಂದೊಂದಾಗಿ ನೋಡಿದರು.

ಮೊದಲು ಕಿವಿಗೊಡಿ

ಹೆಡ್‌ಲೈಟ್ ಹಾಕಿ. ಕೀಲಿ ತಿರುಗಿಸಿ.

‘ಟಕ್ ಟಕ್’ ಎಂದು ದೀಪ ಮಂಕಾದರೆ ಬ್ಯಾಟರಿಯಲ್ಲಿ ಕರೆಂಟು ಕಡಿಮೆ ಇದೆ. ಇಲ್ಲವೆ ತಂತಿಯ ಜೋಡಣೆ ಸಡಿಲವಾಗಿದೆ.

ದೀಪ ಚೆನ್ನಾಗಿ ಉರಿದೂ ಸೆಲ್ಫ್ ತಿರುಗದಿದ್ದರೆ ಸೆಲ್ಫ್ ಮೋಟಾರನ್ನು, ಅದರ ತಂತಿಯನ್ನು ನೋಡಿಸಬೇಕು.

ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಬ್ಯಾಟರಿ ಚೆನ್ನಾಗಿದೆ. ತೊಂದರೆ ಪೆಟ್ರೋಲಿನಲ್ಲೋ ಪ್ಲಗ್ಗಿನಲ್ಲೋ ಇರಬಹುದು.

ಆಮೇಲೆ ಕಣ್ಣಿಟ್ಟು ನೋಡಿ

ಬಾನೆಟ್ ಎತ್ತಿ. ಬ್ಯಾಟರಿಯ ಮೇಲೆ + ಮತ್ತು − ಗುರುತು ಇವೆ. ಅಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೆ? ಕ್ಲ್ಯಾಂಪು ಅಲ್ಲಾಡುತ್ತದೆಯೆ? ಪುಡಿ ಕಟ್ಟಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ.

ತೆಗೆಯುವಾಗ ಮೊದಲು − ತಂತಿ ತೆಗೆಯಿರಿ. ಹಾಕುವಾಗ − ತಂತಿಯನ್ನು ಕೊನೆಗೆ ಹಾಕಿ. ಬಿಸಿನೀರಿಗೆ ಅಡುಗೆ ಸೋಡ ಬೆರೆಸಿ ಹಳೆಯ ಬ್ರಷ್‌ನಿಂದ ಉಜ್ಜಿ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ, ಒಣಗಿಸಿ, ಬಿಗಿಯಾಗಿ ಕೂರಿಸಿ.

ಹೂವಿನಕ್ಕನ ಕಾರಿನಲ್ಲಿ ಪುಡಿ ಇರಲಿಲ್ಲ. ಕ್ಲ್ಯಾಂಪು ಬಿಗಿಯಾಗಿತ್ತು.

ಈಗ ಅಂಕೆ ಓದಿ

ಹುಡುಗಿ ಚಿಕ್ಕ ಮೀಟರು ತಂದಿದ್ದಳು. ಅದರ ಗುಂಡಿಯನ್ನು ಡಿಸಿ 20 ಎಂಬಲ್ಲಿಗೆ ತಿರುಗಿಸಿದಳು. ಕೆಂಪು ಕಡ್ಡಿ + ಗೆ, ಕಪ್ಪು ಕಡ್ಡಿ − ಗೆ.

“ಓದಿ ಅತ್ತೆ.”

“ಹನ್ನೊಂದು... ಚುಕ್ಕಿ... ಎಂಟು.”

ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಆದ ಮೇಲೆ ನೋಡಿದರೆ:

12.6 ವೋಲ್ಟ್: ತುಂಬಿದೆ.
12.2 ವೋಲ್ಟ್: ಸುಮಾರು ಅರ್ಧ ಇದೆ.
12ಕ್ಕಿಂತ ಕಡಿಮೆ: ಖಾಲಿಯಾಗುತ್ತಾ ಬಂದಿದೆ.

ನೆರೆಯವರು ಕಾರು ತಳ್ಳಿದರು. ಹೂವಿನಕ್ಕ ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟಳು. ಇಂಜಿನ್ ಹತ್ತಿತು. ಮತ್ತೆ ಮೀಟರು ಹಿಡಿದರು. ಇಂಜಿನ್ ಓಡುವಾಗ 13.5ರಿಂದ 14.5 ಇರಬೇಕು. 15 ದಾಟಿದರೂ ತಪ್ಪು, ಬ್ಯಾಟರಿ ಕುದಿಯುತ್ತದೆ. ಇಲ್ಲಿ 12.1 ಬಂತು. ಮೇಲೇರಲೇ ಇಲ್ಲ.

“ಗೊತ್ತಾಯ್ತಾ ಅತ್ತೆ? ತೊಟ್ಟಿ ಒಡೆದಿಲ್ಲ. ಪಂಪು ತುಂಬಿಸ್ತಿಲ್ಲ.”

ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು ಬೆಲ್ಟು ಮುಟ್ಟಿ ನೋಡಿದರು. ಬೆಲ್ಟು ಸವೆದು ಹೊಳೆಯುತ್ತಿತ್ತು. ಜೋತು ಬಿದ್ದಿತ್ತು.

ಸ್ಟೀರಿಂಗ್ ಮುಂದೆ ಬ್ಯಾಟರಿಯ ಚಿತ್ರದ ಕೆಂಪು ದೀಪ ಇರುತ್ತದೆ. ಕೀಲಿ ಹಾಕಿದಾಗ ಅದು ಹತ್ತಬೇಕು. ಇಂಜಿನ್ ಓಡಿದಾಗ ಆರಬೇಕು.

“ಅದು ಎಷ್ಟೋ ದಿನದಿಂದ ಉರೀತಾನೇ ಇತ್ತು ಕಣಮ್ಮ. ನಾನು ಬರೀ ಚಿತ್ರ ಅನ್ಕೊಂಡಿದ್ದೆ” ಅಂದಳು ಹೂವಿನಕ್ಕ.

“ಅದನ್ನೂ ಓದಬೇಕು ಅತ್ತೆ. ‘ನಾನು ತುಂಬ್ತಿಲ್ಲ’ ಅಂತ ಅದು ಹೇಳ್ತಾ ಇತ್ತು.”

ಹೂವಿನಕ್ಕ ಬೇರೆ ಮೆಕ್ಯಾನಿಕ್‌ನನ್ನು ಕರೆಸಿದಳು. “ಬೆಲ್ಟು ಸವೆದಿದೆ. ಬದಲಾಯಿಸಿ, ಬಿಗಿ ಮಾಡಿ. ಆಮೇಲೆ ಮೀಟರು ಹಿಡಿದು ತೋರಿಸಿ” ಅಂದಳು. ಬೆಲ್ಟು ಹಾಕಿದ ಮೇಲೆ ಮೀಟರು 14.1 ತೋರಿಸಿತು. ಖರ್ಚು ನೂರರ ಲೆಕ್ಕದಲ್ಲಿ ಮುಗಿಯಿತು. ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜ್ ಮಾಡಿಸಿದಳು. ಅದೇ ಬ್ಯಾಟರಿ ಈಗಲೂ ಇದೆ.

ನಲ್ಲಿ ತೆರೆದಿದ್ದರೆ?

ಹಗಲು ಚೆನ್ನಾಗಿದ್ದು ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುತ್ತದೆಯೆ? ಒಳಗಿನ ದೀಪ ಉರಿಯುತ್ತಿರಬಹುದು. ಆಮೇಲೆ ಹಾಕಿಸಿದ ಟೇಪಿನ ತಂತಿ ತಪ್ಪಿರಬಹುದು. ಬ್ಯಾಟರಿ ತುಂಬಿಸಿ ಒಂದು ರಾತ್ರಿ − ತಂತಿ ತೆಗೆದಿಡಿ. ಬೆಳಿಗ್ಗೆ ಬ್ಯಾಟರಿ ತುಂಬಿಯೇ ಇದ್ದರೆ ಕಾರಿನಲ್ಲಿ ಎಲ್ಲೋ ಸೋರುತ್ತಿದೆ. ಆಗಲೂ ಇಳಿದಿದ್ದರೆ ಬ್ಯಾಟರಿಯೇ ಕೆಟ್ಟಿದೆ. ಆಗ ಹೊಸದು ಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಡಿ. ಅದರಲ್ಲಿ ಸೀಸ ಇದೆ. ಸೀಸ ವಿಷ.

ನೆನಪಿಡಿ

1. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಜಡೆ ಕಟ್ಟಿಕೊಳ್ಳಿ. ಕೀಲಿ ತೆಗೆದೇ ಬೆಲ್ಟು ಮುಟ್ಟಿ. ಇಂಜಿನ್ ಬಿಸಿ ಇದ್ದರೆ ಫ್ಯಾನು ತಾನಾಗಿ ತಿರುಗಬಹುದು.
2. ಉಂಗುರ, ಲೋಹದ ಬಳೆ ತೆಗೆದಿಡಿ. ತಾಳಿ ಸರವನ್ನು ರವಿಕೆಯೊಳಗೆ ಸೇರಿಸಿ. ಲೋಹ ತಗುಲಿದರೆ ಕಿಡಿ ಹಾರಿ ಸುಡುತ್ತದೆ.
3. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.
4. ಒಳಗಿರುವುದು ಆಸಿಡ್. ಮೈಗೆ, ಕಣ್ಣಿಗೆ ತಾಗಿದರೆ ತಕ್ಷಣ ತುಂಬಾ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಹೋಗಿ.
5. ಮುಚ್ಚಳ ಇರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು ಬೇಡ.
6. ಇಂಜಿನ್ ಓಡುವಾಗ ಬ್ಯಾಟರಿ ತಂತಿ ತೆಗೆಯಬೇಡಿ.
7. ಫ್ಯೂಸು ಹೋದರೆ ಅದೇ ಅಂಕೆಯ ಫ್ಯೂಸು ಹಾಕಿ. ತಂತಿ ಸುತ್ತಿದರೆ ಕಾರಿಗೆ ಬೆಂಕಿ ಬೀಳಬಹುದು.

ಅಕ್ಕಂದಿರೇ, ಮೆಕ್ಯಾನಿಕ್ ಹತ್ತಿರ ಹೋಗಬೇಡಿ ಎಂದಲ್ಲ. ಏನು ಕೇಳಬೇಕು ಎಂದು ತಿಳಿದು ಹೋಗಿ. ದುಡ್ಡು ನಿಮ್ಮದು.

ಅಭ್ಯಾಸ

1. ಹೂವಿನಕ್ಕನ ಬ್ಯಾಟರಿ ಖಾಲಿಯಾಗಲು ಕಾರಣವೇನು?
2. ಇಂಜಿನ್ ಓಡುವಾಗ ಮೀಟರು ಎಷ್ಟು ತೋರಿಸಬೇಕು?
3. ಬಿಟ್ಟ ಪದ ತುಂಬಿ: ತೆಗೆಯುವಾಗ ಮೊದಲು ______ ತಂತಿ.
4. ನಿಮ್ಮ ಮನೆಯಲ್ಲಿ ರಿಪೇರಿಗೆ ಹೆಚ್ಚು ದುಡ್ಡು ಹೋದ ವಸ್ತು ಯಾವುದು? ಕಾರಣ ಕೇಳಿದ್ದಿರಾ? ಮೂರು ಸಾಲು ಬರೆಯಿರಿ.