ಮುದ್ದೆಯೂ ಇರಲಿ, ಮದ್ದೂ ಇರಲಿ
ಸ್ಕಂದಗಿರಿ ತಪ್ಪಲಿನ ಅಮ್ಮಂದಿರೇ, ಮಗುವಿಗೆ ಆಟಿಸಂ ಅಂದ ಕೂಡಲೇ ಯಾರದೋ ಮಾತು ಕೇಳಿ ಹಾಲು, ಗೋಧಿ ನಿಲ್ಲಿಸಿಬಿಡಬೇಡಿ. ಪಥ್ಯದಿಂದ ಅದು ವಾಸಿಯಾಗುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ನಮ್ಮ ರಾಗಿಯಲ್ಲಂತೂ ಮೊದಲೇ ಇಲ್ಲ. 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಬೇರೆ.

ಹೊಟ್ಟೆಯ ಕಡೆ ಮಾತ್ರ ಗಮನವಿರಲಿ. ಇಂಥ ಮಕ್ಕಳಲ್ಲಿ ಮಲಬದ್ಧತೆ ಜಾಸ್ತಿ. ಮಾತು ಬಾರದ ಕೂಸು ಆ ನೋವನ್ನು ಹಟ ಮಾಡಿಯೇ ಹೇಳಬೇಕು, ಪಾಪ. ಮುದ್ದೆ ಅಂಟುತ್ತದೆಂದು ಉಗುಳಿದರೆ ಬೈಯಬೇಡಿ. ಅದೇ ಹಿಟ್ಟಿನ ಗರಿಗರಿ ದೋಸೆಯ ಒಂದು ಚೂರು ತಟ್ಟೆಯ ಅಂಚಿಗಿಡಿ. ಮುಟ್ಟಿ ನೋಡಿದರೂ ಆ ದಿನಕ್ಕೆ ಸಾಕು.

ಮಾತು ತಡವಾದರೆ ಕಾಯದೆ ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇವೆ. ಹೋಗುವಾಗ, ವಾರವಿಡೀ ಮಗು ತಿಂದದ್ದೇನು, ಎಷ್ಟು ಸಲ ಕಕ್ಕಸಿಗೆ ಹೋಯಿತು, ಚೀಟಿಯಲ್ಲಿ ಬರೆದೊಯ್ಯಿರಿ.